‘ಸೂರ್ಯ ಮುಳುಗಿದ’ ಅಂದರೆ ಏನರ್ಥ?

ಮೈಸೂರಿನ ಅಗ್ರಹಾರದ ಹಳೇ ಮನೆಯೊಂದರಲ್ಲಿ ಸಂಜೆ ಹೊತ್ತು ‘ಕಾವ್ಯಪ್ರಕಾಶ’ದ ಪಾಠ ನಡೆಯುತ್ತದೆಂದು ಗೆಳೆಯರೊಬ್ಬರು ಕರೆದೊಯ್ದಿದ್ದರು. ನಿವೃತ್ತ ಮೇಷ್ಟ್ರು, ಎದುರಿಗೆ ಚಾಪೆಯ ಮೇಲೆ ಐದಾರು ಮಂದಿ. ಆಕಳಿಕೆಗೆ ಸಿದ್ಧವಾಗಿಯೇ ಕೂತೆ. ಮೇಷ್ಟ್ರು ಪುಸ್ತಕ ಮಡಚಿ, ‘ಸೂರ್ಯ ಮುಳುಗಿದ. ಅರ್ಥ ಹೇಳಿ’ ಎಂದರು.

‘ಕಾವ್ಯಪ್ರಕಾಶ’ ಬರೆದ ಹನ್ನೊಂದನೇ ಶತಮಾನದ ಕಾಶ್ಮೀರದ ಮಮ್ಮಟ ಈ ಒಂದು ಮಾತಿಗೆ ಹತ್ತು ಇಂಗಿತಗಳನ್ನು ಪಟ್ಟಿ ಮಾಡಿದ್ದಾನೆ. ಶತ್ರುವಿನ ಮೇಲೆ ಬೀಳಲು ಇದೇ ಸಮಯ. ಹಸುಗಳನ್ನು ಒಳಗೆ ಹೊಡೆಯಿರಿ. ಅಂಗಡಿಯ ಸರಕು ಎತ್ತಿಡಿ. ಸಂಧ್ಯಾವಂದನೆಗೆ ಹೊತ್ತಾಯಿತು. ಕಾದು ಕೂತವಳ ಬಾಯಲ್ಲಿ, ಇವತ್ತೂ ಅವನು ಬರಲಿಲ್ಲ. ‘ಅಮೆರಿಕದ ಕ್ಲೈಂಟ್ ಜೊತೆ ಕಾಲ್‌ಗೆ ಕೂರಬೇಕು, ಸಾರ್’ ಎಂದು ಸಾಫ್ಟ್‌ವೇರ್ ಹುಡುಗನೊಬ್ಬ ಹನ್ನೊಂದನೆಯದನ್ನು ಸೇರಿಸಿದ.

ನಗು ಅಡಗುವಷ್ಟರಲ್ಲಿ ಒಳಗಿನಿಂದ ಮೇಷ್ಟ್ರ ಪತ್ನಿಯ ದನಿ: ‘ರೀ, ಸೊಳ್ಳೆ!’ ಮೇಷ್ಟ್ರು ಪಾಠ ನಿಲ್ಲಿಸದೆ ಎದ್ದು ಬೀದಿಬಾಗಿಲು ಹಾಕಿದರು. ಬಾಗಿಲಿನ ಮಾತನ್ನು ಆಕೆ ಎತ್ತಿರಲೇ ಇಲ್ಲ. ನನಗೋ ಬೇರೆಯದೇ ಗುಮಾನಿ. ಗಂಡನಿಗೆ ಹೇಳಿದ್ದು ಬಂದು ಕೂತವರಿಗೂ ತಾಗಲಿ ಎಂದಿತ್ತೇ? ಮಮ್ಮಟ ಇದನ್ನೂ ಬಿಟ್ಟಿಲ್ಲ. ಇಂಗಿತ ಹುಟ್ಟಿಸುವ ಸಂಗತಿಗಳಲ್ಲಿ ಹೇಳುವವರು, ಕೇಳುವವರು, ದನಿಯ ಏರಿಳಿತ, ಜಾಗ, ಹೊತ್ತು ಇವುಗಳ ಜೊತೆಗೆ ಪಕ್ಕದಲ್ಲಿರುವ ಮೂರನೆಯವರನ್ನೂ ಎಣಿಸಿದ್ದಾನೆ. ಮಗಳನ್ನು ಗದರಿ ಸೊಸೆಗೆ ಮುಟ್ಟಿಸುವ ಅತ್ತೆಯರಿಗೆ ಈ ಸೂತ್ರವನ್ನು ಯಾರೂ ಕಲಿಸಬೇಕಾಗಿಲ್ಲ.

ಪಶ್ಚಿಮದಲ್ಲಿ ಪ್ರಾಗ್ಮ್ಯಾಟಿಕ್ಸ್, ಅಂದರೆ ಮಾತಿನ ಬಳಕೆಯಲ್ಲಿ ಅರ್ಥ ಹುಡುಕುವ ಶಾಸ್ತ್ರ, ಕೈಹಾಕಿದ್ದು ಇಂಥದ್ದಕ್ಕೇ. ಆಕ್ಸ್‌ಫರ್ಡಿನ ಜೆ.ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡಿನಲ್ಲಿ ಉಪನ್ಯಾಸ ಕೊಟ್ಟು, ಆಣೆ ಇಡುವುದು, ಹೆಸರಿಡುವುದು, ಬಾಜಿ ಕಟ್ಟುವುದು ಎಲ್ಲ ಮಾತಿನಿಂದಲೇ ಆಗುವ ಕೆಲಸಗಳೆಂದು ತೋರಿಸಿದರು. 1967ರಲ್ಲಿ ಅಲ್ಲೇ ಮಾತನಾಡಿದ ಪಾಲ್ ಗ್ರೈಸ್, ಸಂಭಾಷಣೆಗೆ ಒಳಒಪ್ಪಂದವೊಂದಿದೆ ಎಂದರು: ಬೇಕಾದಷ್ಟು ಹೇಳು, ನಿಜ ಹೇಳು, ಸಂಬಂಧಪಟ್ಟದ್ದು ಹೇಳು, ಸ್ಪಷ್ಟವಾಗಿ ಹೇಳು. ಇದು ಮುರಿದಂತೆ ಕಂಡಾಗ ಕೇಳುಗ ಒಳಗಿನ ಇಂಗಿತ ಹುಡುಕುತ್ತಾನೆ. ಅವರ ಉದಾಹರಣೆ ನನಗೆ ಅಚ್ಚುಮೆಚ್ಚು. ತತ್ವಶಾಸ್ತ್ರದ ಹುದ್ದೆಗೆ ಅರ್ಜಿ ಹಾಕಿದ ಶಿಷ್ಯನ ಬಗ್ಗೆ ಗುರು ಬರೆಯುವುದು ಇಷ್ಟೇ: ಹುಡುಗನ ಇಂಗ್ಲಿಷ್ ಚೆನ್ನಾಗಿದೆ, ತರಗತಿಗೆ ತಪ್ಪದೆ ಬರುತ್ತಿದ್ದ. ಹುಡುಗನ ಕಥೆ ಮುಗಿಯಿತು!

ಆದರೂ ಗ್ರೈಸ್ ಸೂತ್ರಗಳಿಂದ ತಿಳಿಯುವುದು ಏನೋ ಇಂಗಿತವಿದೆ ಎಂಬುದಷ್ಟೇ. ಹತ್ತರಲ್ಲಿ ಯಾವುದು ಎಂದು ಆರಿಸಲು ಮಮ್ಮಟನ ಪಟ್ಟಿಯೇ ಬೇಕು ಎಂಬುದು ನನ್ನ ಪಕ್ಷಪಾತ. ಗ್ರೈಸ್‌ಗೆ ನಾನು ಪೂರ್ತಿ ಸೋಲುವುದು ಇನ್ನೊಂದು ಗಮನಿಕೆಯಲ್ಲಿ: ಇಂಗಿತವನ್ನು ವಾಪಸು ಪಡೆಯಬಹುದು. ‘ಸೊಳ್ಳೆ! ಬಾಗಿಲು ಹಾಕಬೇಡಿ, ಬತ್ತಿ ಹಚ್ಚಿ’ ಎಂದಿದ್ದರೆ ಅದರಲ್ಲೇನೂ ವಿರೋಧವಿಲ್ಲ. ‘ಸೊಳ್ಳೆ ಇದೆ, ಸೊಳ್ಳೆ ಇಲ್ಲ’ ಎನ್ನಲು ಮಾತ್ರ ಬರುವುದಿಲ್ಲ. ವೇದಿಕೆಯಲ್ಲಿ ಕುಟುಕಿ, ಮರುದಿನ ‘ನಾನು ಯಾರ ಹೆಸರನ್ನೂ ಹೇಳಿಲ್ಲ’ ಎನ್ನುವ ನಮ್ಮ ರಾಜಕಾರಣಿಗಳು ಗ್ರೈಸ್‌ನನ್ನು ಓದದೆಯೇ ಪಾರಂಗತರು.