ವರ್ಷ ತುಂಬಿದ ಮಗು ಊಟ ಬಿಡುವುದೇಕೆ?

ವರ್ಷದವರೆಗೆ ಚೆನ್ನಾಗಿ ಉಣ್ಣುತ್ತಿದ್ದ ಮಗು ಏಕಾಏಕಿ ತುತ್ತು ಕಂಡರೆ ಮುಖ ತಿರುಗಿಸುವುದು ಬಹುತೇಕ ಮನೆಗಳ ನಿತ್ಯದ ಅಳಲು. ಸಾಮಾನ್ಯವಾಗಿ ಇದು ರೋಗವಲ್ಲ.

ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನ ಸುಮಾರು ಮೂರು ಪಟ್ಟಾಗುತ್ತದೆ. ಎರಡನೆಯ ವರ್ಷದಲ್ಲಿ ಏರುವುದು ಸುಮಾರು 2ರಿಂದ 2.5 ಕಿಲೋ ಮಾತ್ರ. ಹಸಿವೂ ಅದಕ್ಕೆ ತಕ್ಕಂತೆ ತಗ್ಗುತ್ತದೆ.

ಊಟ ಬಿಟ್ಟಿತೆಂದು ಬಾಟಲಿಗಟ್ಟಲೆ ಹಸುವಿನ ಹಾಲು ಕುಡಿಸುವುದೇ ಅಪಾಯ. ಹಾಲಿನಲ್ಲಿ ಕಬ್ಬಿಣಾಂಶ ಅತ್ಯಲ್ಪ. ದಿನಕ್ಕೆ ಅರ್ಧ ಲೀಟರ್ ಮೀರಿದರೆ ರಾಗಿ, ಬೇಳೆ, ಸೊಪ್ಪಿಗೆ ಹೊಟ್ಟೆಯಲ್ಲಿ ಜಾಗವಿರದೆ ರಕ್ತಹೀನತೆ ತಲೆದೋರಬಹುದು. ಅಳುವಾಗ ತುರುಕಿದ ತುತ್ತು ಉಸಿರುಗಟ್ಟಿಸಲೂಬಹುದು.

ಏನು, ಯಾವಾಗ ಎಂಬುದನ್ನು ಹೆತ್ತವರು ನಿರ್ಧರಿಸಲಿ. ಎಷ್ಟು ಎಂಬುದನ್ನು ಮಗುವಿಗೆ ಬಿಡಲಿ. ತಾಯಿ ಕಾರ್ಡಿನಲ್ಲಿ ತೂಕದ ರೇಖೆ ಏರುತ್ತಿದ್ದರೆ ಆತಂಕ ಬೇಡ. ಸಮತಟ್ಟಾದರೆ ಅಥವಾ ಇಳಿದರೆ ಮಕ್ಕಳ ವೈದ್ಯರನ್ನು ಕಾಣುವುದು ಅಗತ್ಯ.