ಕ್ಯಾಲಿಫೋರ್ನಿಯಾದ ವಿಚ್ಛೇದನ ಕಾನೂನು

ಕ್ಯಾಲಿಫೋರ್ನಿಯಾದ ವಿಚ್ಛೇದನ ಕಾನೂನು ಅಮೇರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ವಿವಾಹವನ್ನು ನ್ಯಾಯಾಲಯದ ಮೂಲಕ ಕೊನೆಗೊಳಿಸುವ ವಿಧಾನವನ್ನೂ, ಅದರೊಡನೆ ಬರುವ ಆಸ್ತಿ ವಿಭಜನೆ, ಜೀವನಾಂಶ ಮತ್ತು ಮಕ್ಕಳ ಪಾಲನೆಯ ವಿಷಯಗಳನ್ನೂ ನಿಯಂತ್ರಿಸುತ್ತದೆ. ಅಮೇರಿಕದಲ್ಲಿ ವಿಚ್ಛೇದನವು ಆಯಾ ರಾಜ್ಯದ ಅಧಿಕಾರಕ್ಕೆ ಸೇರಿದ ವಿಷಯ. ಈ ರಾಜ್ಯದ ನಿಯಮಗಳು 1994ರಿಂದ ಜಾರಿಯಲ್ಲಿರುವ ಕುಟುಂಬ ಸಂಹಿತೆಯಲ್ಲಿವೆ. ಭಾರತದಲ್ಲಿರುವಂತೆ ಧರ್ಮಕ್ಕೊಂದು ವಿವಾಹ ಕಾನೂನು ಇಲ್ಲಿಲ್ಲ. ಮದುವೆ ಎಲ್ಲಿಯೇ ನಡೆದಿರಲಿ, ರಾಜ್ಯದ ನಿವಾಸಿಗಳೆಲ್ಲರಿಗೂ ಒಂದೇ ನಿಯಮ.

ಹಿನ್ನೆಲೆ

1970ಕ್ಕೆ ಮೊದಲು ವಿಚ್ಛೇದನ ಬೇಕಾದವರು ಕ್ರೌರ್ಯ, ವ್ಯಭಿಚಾರ ಮುಂತಾದ ತಪ್ಪನ್ನು ಸಂಗಾತಿಯ ಮೇಲೆ ಹೊರಿಸಿ ರುಜುವಾತುಪಡಿಸಬೇಕಿತ್ತು. ಇಬ್ಬರಿಗೂ ಬೇರೆಯಾಗುವ ಮನಸ್ಸಿದ್ದಾಗ ಸುಳ್ಳು ಸಾಕ್ಷ್ಯ ಹೇಳುವುದು ವಾಡಿಕೆಯಾಗಿ, ನ್ಯಾಯಾಲಯದ ಪ್ರಮಾಣವಚನಕ್ಕೇ ಬೆಲೆಯಿಲ್ಲದಂತಾಗಿತ್ತು. ಆಗಿನ ಗವರ್ನರ್ ರೊನಾಲ್ಡ್ ರೇಗನ್ 1969ರಲ್ಲಿ ಸಹಿ ಹಾಕಿದ ಕುಟುಂಬ ಕಾನೂನು ಅಧಿನಿಯಮವು 1970ರ ಜನವರಿ 1ರಂದು ಜಾರಿಗೆ ಬಂದು, ತಪ್ಪಿನ ಪ್ರಶ್ನೆಯನ್ನೇ ಕೈಬಿಟ್ಟಿತು. (ರೇಗನ್ ಸ್ವತಃ ವಿಚ್ಛೇದಿತರಾಗಿದ್ದರು.) ಮುಂದಿನ ದಶಕಗಳಲ್ಲಿ ಉಳಿದ ರಾಜ್ಯಗಳೂ ಒಂದಲ್ಲ ಒಂದು ರೂಪದಲ್ಲಿ ಇದೇ ದಾರಿ ಹಿಡಿದವು.

ಆಧಾರ ಮತ್ತು ವಿಧಾನ

ಇಂದು ಎರಡೇ ಆಧಾರಗಳಿವೆ: ಸರಿಪಡಿಸಲಾಗದ ಭಿನ್ನಾಭಿಪ್ರಾಯ, ಮತ್ತು ನಿರ್ಧಾರ ಕೈಗೊಳ್ಳುವ ಕಾನೂನುಬದ್ಧ ಸಾಮರ್ಥ್ಯವನ್ನು ಸಂಗಾತಿಯು ಶಾಶ್ವತವಾಗಿ ಕಳೆದುಕೊಂಡಿರುವುದು. ಬಳಕೆಯಲ್ಲಿರುವುದು ಮೊದಲನೆಯದೇ. ಒಬ್ಬರು ಬೇಡವೆಂದರೂ ವಿಚ್ಛೇದನ ತಡೆಯಲು ಅದು ಸಾಲದು.

ಅರ್ಜಿ ಸಲ್ಲಿಸುವ ಮುನ್ನ ದಂಪತಿಗಳಲ್ಲಿ ಒಬ್ಬರಾದರೂ ರಾಜ್ಯದಲ್ಲಿ 6 ತಿಂಗಳು, ಆ ಕೌಂಟಿಯಲ್ಲಿ 3 ತಿಂಗಳು ವಾಸವಾಗಿರಬೇಕು. ಸಮನ್ಸ್ ತಲುಪಿದ ಪ್ರತಿವಾದಿಗೆ ಉತ್ತರಿಸಲು 30 ದಿನಗಳ ಕಾಲಾವಕಾಶವಿದೆ. ಎಲ್ಲದಕ್ಕೂ ಒಪ್ಪಿಗೆಯಿದ್ದರೂ, ಸಮನ್ಸ್ ತಲುಪಿದ ಅಥವಾ ಪ್ರತಿವಾದಿ ನ್ಯಾಯಾಲಯಕ್ಕೆ ಹಾಜರಾದ ದಿನದಿಂದ, ಯಾವುದು ಮೊದಲೋ ಅಲ್ಲಿಂದ, 6 ತಿಂಗಳು ಕಳೆಯದೆ ವಿವಾಹ ಕೊನೆಗೊಳ್ಳುವುದಿಲ್ಲ.

ಸಮನ್ಸ್‌ನಲ್ಲಿಯೇ ಕೆಲವು ತಡೆಯಾಜ್ಞೆಗಳು ಅಡಕವಾಗಿರುತ್ತವೆಂಬುದನ್ನು ಅನೇಕರು ಗಮನಿಸುವುದಿಲ್ಲ. ಇನ್ನೊಬ್ಬರ ಲಿಖಿತ ಒಪ್ಪಿಗೆ ಅಥವಾ ನ್ಯಾಯಾಲಯದ ಆದೇಶವಿಲ್ಲದೆ ಅಪ್ರಾಪ್ತ ಮಕ್ಕಳನ್ನು ರಾಜ್ಯದಿಂದ ಹೊರಗೆ ಕರೆದೊಯ್ಯುವಂತಿಲ್ಲ, ಅವರಿಗೆ ಹೊಸ ಪಾಸ್‌ಪೋರ್ಟ್ ಕೋರುವಂತಿಲ್ಲ, ಆಸ್ತಿ ಪರಭಾರೆ ಮಾಡುವಂತಿಲ್ಲ. ಬೇಸಿಗೆ ರಜೆಗೆ ಅಜ್ಜಿಯ ಮನೆಗೆಂದು ಮಗುವನ್ನು ಭಾರತಕ್ಕೆ ಕರೆತರುವುದೂ ಈ ನಿಷೇಧದೊಳಗೆ ಬರುತ್ತದೆ.

ಆಸ್ತಿ

ವ್ಯಾಜ್ಯದ ನಿಜವಾದ ಭಾರವೆಲ್ಲ ಬೀಳುವುದು ಇಲ್ಲಿ. ಕ್ಯಾಲಿಫೋರ್ನಿಯಾ 'ಸಮುದಾಯ ಆಸ್ತಿ' ಪದ್ಧತಿಯ ರಾಜ್ಯ. ಮದುವೆಯಾದಂದಿನಿಂದ ಬೇರೆಯಾದ ದಿನದವರೆಗೆ ಇಬ್ಬರಲ್ಲಿ ಯಾರೇ ದುಡಿದದ್ದೂ, ಆ ದುಡಿಮೆಯಿಂದ ಕೊಂಡದ್ದೂ ಇಬ್ಬರಿಗೂ ಸಮಪಾಲು. ಸಾಲಕ್ಕೂ ಸಾಮಾನ್ಯವಾಗಿ ಇದೇ ನಿಯಮ. ದಾಖಲೆಯಲ್ಲಿ ಯಾರ ಹೆಸರಿದೆ ಎಂಬುದು ಅನೇಕ ವೇಳೆ ಗೌಣ. ಈ ರಾಜ್ಯದಲ್ಲಿ ನೆಲೆಸಿದ್ದಾಗಿನ ಸಂಬಳದಿಂದ ಬೆಂಗಳೂರಿನಲ್ಲಿ ಕೊಂಡ ನಿವೇಶನವೂ ಲೆಕ್ಕಕ್ಕೆ ಸೇರುತ್ತದೆ. ಮದುವೆಗೆ ಮುಂಚಿನ ಆಸ್ತಿ, ಪಿತ್ರಾರ್ಜಿತ ಮತ್ತು ಒಬ್ಬರಿಗೆಂದೇ ಬಂದ ಉಡುಗೊರೆಗಳು ಮಾತ್ರ ಸ್ವಂತದ್ದು. ತವರಿನವರು ಮಗಳಿಗೆಂದು ಕೊಟ್ಟ ಒಡವೆ ಈ ಕೊನೆಯ ಗುಂಪಿಗೆ ಸೇರುತ್ತದೆ. ಸಾಫ್ಟ್‌ವೇರ್ ಕಂಪನಿಗಳು ನೌಕರರಿಗೆ ಕೊಡುವ, ಇನ್ನೂ ಕೈಗೆ ಬಾರದ ಷೇರು ಹಕ್ಕುಗಳಲ್ಲಿ ದಾಂಪತ್ಯದ ಅವಧಿಗೆ ಸಲ್ಲುವ ಭಾಗವನ್ನು ಕಾಲಮಾನದ ಸೂತ್ರದಿಂದ ಲೆಕ್ಕ ಹಾಕುತ್ತಾರೆ.

ಹೀಗಾಗಿ 'ಬೇರೆಯಾದ ದಿನ' ಯಾವುದೆಂಬುದೇ ದೊಡ್ಡ ವಿವಾದವಾಗುತ್ತದೆ. ಒಂದೇ ಸೂರಿನಡಿ ಇದ್ದವರನ್ನು ಬೇರೆಯಾದವರೆಂದು ಪರಿಗಣಿಸಲಾಗದು ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಹೇಳಿತು. 2017ರಲ್ಲಿ ಜಾರಿಗೆ ಬಂದ ತಿದ್ದುಪಡಿ ಅದನ್ನು ಬದಲಿಸಿತು. ವಿವಾಹ ಮುಗಿಯಿತೆಂಬ ಇಂಗಿತವನ್ನು ಸಂಗಾತಿಗೆ ತಿಳಿಸಿ, ಅದಕ್ಕೆ ತಕ್ಕಂತೆ ನಡೆದುಕೊಂಡಿದ್ದರೆ ಸಾಕು.

ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯಗಳನ್ನು ಪರಸ್ಪರ ಬಹಿರಂಗಪಡಿಸುವುದು ಕಡ್ಡಾಯ. ಸುಮಾರು 13 ಲಕ್ಷ ಡಾಲರುಗಳ ಲಾಟರಿ ಗೆಲುವನ್ನು ಪತಿಯಿಂದ ಮುಚ್ಚಿಟ್ಟು ವಿಚ್ಛೇದನ ಪಡೆದ ಮಹಿಳೆಯೊಬ್ಬಳ ಪ್ರಕರಣದಲ್ಲಿ, ಆ ಪೂರ್ತಿ ಹಣವನ್ನು ಪತಿಗೆ ಕೊಟ್ಟ ಆದೇಶವನ್ನು ಮೇಲ್ಮನವಿ ನ್ಯಾಯಾಲಯ 2001ರಲ್ಲಿ ಎತ್ತಿಹಿಡಿಯಿತು.

ಜೀವನಾಂಶ ಮತ್ತು ಮಕ್ಕಳು

ಸಂಗಾತಿಯ ಜೀವನಾಂಶವನ್ನು ದಾಂಪತ್ಯದ ಅವಧಿ, ದುಡಿಮೆಯ ಸಾಮರ್ಥ್ಯ, ಜೀವನಮಟ್ಟ ಮುಂತಾದವನ್ನು ನೋಡಿ ನಿರ್ಧರಿಸಲಾಗುತ್ತದೆ. ಸಾಮಾನ್ಯವಾಗಿ 10 ವರ್ಷ ಅಥವಾ ಹೆಚ್ಚು ಬಾಳಿದ್ದನ್ನು ದೀರ್ಘ ವಿವಾಹವೆಂದು ಎಣಿಸುತ್ತಾರೆ. ಮಕ್ಕಳ ಖರ್ಚಿಗೆ ರಾಜ್ಯದ ನಿಗದಿತ ಸೂತ್ರವಿದೆ. ಪಾಲನೆಯ ಬಗ್ಗೆ ಒಮ್ಮತವಿಲ್ಲದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು.

ಭಾರತದಲ್ಲಿ ಮಾನ್ಯತೆ

ಕರ್ನಾಟಕದಲ್ಲಿ ಮದುವೆಯಾಗಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರಿಗೆ ಸುಲಭವಾಗಿ ಸಿಕ್ಕ ಡಿಕ್ರಿ ಊರಿನಲ್ಲಿ ನಿಲ್ಲುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಹಿಂದೂ ವಿವಾಹ ಅಧಿನಿಯಮ, 1955ರಲ್ಲಿ 'ಸರಿಪಡಿಸಲಾಗದ ಭಿನ್ನಾಭಿಪ್ರಾಯ' ವಿಚ್ಛೇದನದ ಆಧಾರವಲ್ಲ. ವೈ. ನರಸಿಂಹ ರಾವ್ ಪ್ರಕರಣದಲ್ಲಿ (1991) ಭಾರತದ ಸರ್ವೋಚ್ಚ ನ್ಯಾಯಾಲಯವು, ದಂಪತಿಗಳು ಯಾವ ಕಾನೂನಿನಡಿ ಮದುವೆಯಾದರೋ ಆ ಕಾನೂನಿನಲ್ಲಿಲ್ಲದ ಆಧಾರದ ಮೇಲೆ ವಿದೇಶದಲ್ಲಿ ಪಡೆದ ಏಕಪಕ್ಷೀಯ ಡಿಕ್ರಿಯನ್ನು ಮಾನ್ಯ ಮಾಡಲಿಲ್ಲ. ಆ ಡಿಕ್ರಿ ಮಿಸ್ಸೌರಿ ರಾಜ್ಯದ್ದಾಗಿತ್ತು. ಪ್ರತಿವಾದಿಯು ವಿಚ್ಛೇದನಕ್ಕೆ ಒಪ್ಪಿಗೆ ನೀಡಿದ್ದರೆ ಮಾನ್ಯತೆಗೆ ಅವಕಾಶವಿದೆ. ಇಲ್ಲವಾದರೆ ಒಬ್ಬ ವ್ಯಕ್ತಿ ಒಂದು ದೇಶದಲ್ಲಿ ವಿಚ್ಛೇದಿತ, ಇನ್ನೊಂದರಲ್ಲಿ ವಿವಾಹಿತ ಎಂಬ ಸ್ಥಿತಿ ಉಂಟಾಗಬಹುದು. ಆಗ ಮರುಮದುವೆಯು ಭಾರತದಲ್ಲಿ ದ್ವಿಪತ್ನಿತ್ವದ ಆರೋಪಕ್ಕೂ ಎಡೆಮಾಡಿಕೊಡುತ್ತದೆ. 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿವಾಹ ಸಂಪೂರ್ಣ ಮುರಿದುಬಿದ್ದಿದ್ದರೆ ಸಂವಿಧಾನದ 142ನೇ ವಿಧಿಯಡಿ ವಿಚ್ಛೇದನ ನೀಡಬಹುದೆಂದು ಹೇಳಿತಾದರೂ, ಆ ಅಧಿಕಾರ ಅದಕ್ಕೆ ಮಾತ್ರ ಇದೆ, ಕೌಟುಂಬಿಕ ನ್ಯಾಯಾಲಯಗಳಿಗಿಲ್ಲ.

ಮಕ್ಕಳ ವಿಷಯದಲ್ಲಿ, ಗಡಿಯಾಚೆಗೆ ಮಕ್ಕಳನ್ನು ಒಯ್ಯುವುದರ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಕ್ಯಾಲಿಫೋರ್ನಿಯಾದ ಪಾಲನಾ ಆದೇಶವನ್ನು ಭಾರತದ ನ್ಯಾಯಾಲಯಗಳು ಒಂದು ಅಂಶವಾಗಿ ಪರಿಗಣಿಸುತ್ತವೆಯೇ ಹೊರತು, ಮಗುವಿನ ಹಿತವನ್ನು ತಾವೇ ವಿಚಾರಿಸಿ ತೀರ್ಮಾನಿಸುತ್ತವೆ.