ಕ್ಲಚ್ ಪ್ಲೇಟ್ ಹೋಗಿದೆಯಾ? ಬಿಚ್ಚೋ ಮುಂಚೆ ಒಂದು ಸೂತ್ರ

ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನ್ ಕೂಗುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ಚಾರ್ಮಾಡಿ ಘಾಟಿಯಲ್ಲಿ ಫ್ರೆಂಡನ್ನ ಹಿಂದೆ ಕೂರಿಸಿಕೊಂಡು ಬಸ್ ಓವರ್‌ಟೇಕ್ ಮಾಡುವಾಗ ಹೀಗಾದರೆ ಏನು ಗತಿ ಅಂತ ಯೋಚಿಸಿ. ಇದೇ ಕ್ಲಚ್ ಸ್ಲಿಪ್. ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಸಿಗೋ ಉತ್ತರ, "ಕ್ಲಚ್ ಪ್ಲೇಟ್ ಹೋಗಿದೆ, ಸೆಟ್ ಚೇಂಜ್ ಮಾಡ್ಬೇಕು." ಎಷ್ಟೋ ಸಲ ಅದು ನಿಜಾನೇ. ಆದರೆ ಪ್ಲೇಟ್ ಚೆನ್ನಾಗಿದ್ದರೂ ಕ್ಲಚ್ ಜಾರಬಹುದು. ಯಾವುದು ಕಾರಣ ಅಂತ ಪತ್ತೆ ಮಾಡೋಕೆ ಮೆಷಿನ್ ಡಿಸೈನ್ ಪುಸ್ತಕದ ಒಂದೇ ಒಂದು ಸೂತ್ರ ಸಾಕು.

ಒಳಗೆ ಏನಿದೆ?

ನಮ್ಮ ಕ್ಯಾಂಪಸ್ಸಲ್ಲಿ ಓಡಾಡೋ 100ರಿಂದ 200 ಸಿಸಿಯ ಹೆಚ್ಚಿನ ಗೇರ್ ಬೈಕ್‌ಗಳಲ್ಲಿ ಇರೋದು ವೆಟ್ ಮಲ್ಟಿಪ್ಲೇಟ್ ಕ್ಲಚ್. ಅಂದರೆ ಇಂಜಿನ್ ಆಯಿಲ್‌ನಲ್ಲೇ ಮುಳುಗಿರೋ ಪ್ಲೇಟ್‌ಗಳ ಒಂದು ಕಟ್ಟು. ಒಂದು ಫ್ರಿಕ್ಷನ್ ಪ್ಲೇಟ್, ಒಂದು ಸ್ಟೀಲ್ ಪ್ಲೇಟ್, ಮತ್ತೆ ಫ್ರಿಕ್ಷನ್ ಪ್ಲೇಟ್, ಹೀಗೆ. ಫ್ರಿಕ್ಷನ್ ಪ್ಲೇಟ್‌ಗಳು ಹೊರಗಿನ ಬಾಸ್ಕೆಟ್ ಜೊತೆ ತಿರುಗುತ್ತವೆ, ಅದಕ್ಕೆ ಇಂಜಿನ್ ಕಡೆಯಿಂದ ಶಕ್ತಿ ಬರುತ್ತೆ. ಸ್ಟೀಲ್ ಪ್ಲೇಟ್‌ಗಳು ಮಧ್ಯದ ಹಬ್ ಜೊತೆ ತಿರುಗುತ್ತವೆ, ಅಲ್ಲಿಂದ ಗೇರ್ ಬಾಕ್ಸಿಗೆ. ಸ್ಪ್ರಿಂಗ್‌ಗಳು ಪ್ರೆಷರ್ ಪ್ಲೇಟ್ ಮೂಲಕ ಈ ಕಟ್ಟನ್ನ ಒತ್ತಿ ಹಿಡಿದಿರುತ್ತವೆ. ನಾವು ಲಿವರ್ ಹಿಡಿದಾಗ ಆ ಒತ್ತಡ ಬಿಡುತ್ತೆ, ಅಷ್ಟೇ.

ಈಗ ಸೂತ್ರ: ಟಾರ್ಕ್ = ಎನ್ × ಮ್ಯೂ × ಡಬ್ಲ್ಯು × ಆರ್. ಎನ್ ಅಂದರೆ ಉಜ್ಜುವ ಮೇಲ್ಮೈಗಳ ಸಂಖ್ಯೆ, ಮ್ಯೂ ಅಂದರೆ ಘರ್ಷಣೆಯ ಗುಣಾಂಕ, ಡಬ್ಲ್ಯು ಅಂದರೆ ಸ್ಪ್ರಿಂಗ್‌ಗಳ ಒಟ್ಟು ಬಲ, ಆರ್ ಅಂದರೆ ಪ್ಲೇಟಿನ ಸರಾಸರಿ ತ್ರಿಜ್ಯ. ಎನ್ ಮತ್ತು ಆರ್ ಬದಲಾಗಲ್ಲ. ಹಾಗಾಗಿ ಕ್ಲಚ್ ಜಾರುತ್ತಿದೆ ಅಂದರೆ ಒಂದೋ ಮ್ಯೂ ಇಳಿದಿದೆ, ಇಲ್ಲಾ ಡಬ್ಲ್ಯು ಇಳಿದಿದೆ.

ಲೆಕ್ಕಕ್ಕೆ ಒಂದು ಉದಾಹರಣೆ ತಗೊಳ್ಳೋಣ. ಫ್ರಿಕ್ಷನ್ ಪ್ಲೇಟ್ 4, ಎರಡೂ ಬದಿ ಸೇರಿ ಮೇಲ್ಮೈ 8. ಮ್ಯೂ 0.12, ಸ್ಪ್ರಿಂಗ್ ಬಲ 800 ನ್ಯೂಟನ್, ತ್ರಿಜ್ಯ 0.045 ಮೀಟರ್. ಗುಣಿಸಿದರೆ ಸುಮಾರು 34.6 ನ್ಯೂಟನ್ ಮೀಟರ್. ಬಲ 600ಕ್ಕೆ ಇಳಿದರೆ ಸುಮಾರು 26. ಇಂಜಿನ್ನಿಂದ ಕ್ಲಚ್‌ಗೆ ಬರೋ ಟಾರ್ಕ್ ಅದಕ್ಕಿಂತ ಹೆಚ್ಚಾದ ಕ್ಷಣ ಜಾರೋಕೆ ಶುರು. ಅದಕ್ಕೇ ಸಮತಟ್ಟು ರಸ್ತೆಯಲ್ಲಿ ಏನೂ ಗೊತ್ತಾಗಲ್ಲ, ಏರಿನಲ್ಲಿ ಫುಲ್ ಥ್ರಾಟಲ್ ಕೊಟ್ಟಾಗ ಬಣ್ಣ ಬಯಲಾಗುತ್ತೆ.

ಪ್ಲೇಟ್ ಸವೆದರೆ ಏನಾಗುತ್ತೆ ಗೊತ್ತಾ? ಪ್ರತಿ ಪ್ಲೇಟ್ 0.3 ಮಿ.ಮೀ. ಸವೆದರೆ 4 ಪ್ಲೇಟ್ ಸೇರಿ ಕಟ್ಟು 1.2 ಮಿ.ಮೀ. ತೆಳುವಾಗುತ್ತೆ. ಸ್ಪ್ರಿಂಗ್ ಅಷ್ಟು ಸಡಿಲ ಆಗಿ, ಒತ್ತೋ ಬಲ ಕಡಿಮೆಯಾಗುತ್ತೆ. ಅಂದರೆ ಸವೆತದ ಪೆಟ್ಟು ಕೂಡ ಡಬ್ಲ್ಯು ಮೇಲೇ ಬೀಳುತ್ತೆ.

ಬಿಚ್ಚೋ ಮುಂಚೆ ನೋಡಬೇಕಾದ ಎರಡು ವಿಷಯ

ಮೊದಲನೇದು ಫ್ರೀ ಪ್ಲೇ. ಲಿವರ್ ತುದಿಯನ್ನ ಬೆರಳಿಂದ ಎಳೀರಿ. ಎಷ್ಟೋ ಕಮ್ಯೂಟರ್ ಬೈಕ್‌ಗಳಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು, ನಿಮ್ಮ ಗಾಡಿಯ ಅಳತೆ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಸಡಿಲವೇ ಇಲ್ಲ ಅಂದರೆ ನೀವು ಸದಾ ಸ್ವಲ್ಪ ಕ್ಲಚ್ ಹಿಡಿದುಕೊಂಡೇ ಓಡಿಸ್ತಿದ್ದೀರಿ ಅಂತ ಅರ್ಥ. ಕೇಬಲ್ ಅಡ್ಜಸ್ಟರ್ ತಿರುಗಿಸಿದರೆ ಸರಿಹೋಗಬಹುದು, ಖರ್ಚು ಸೊನ್ನೆ. ಇಲ್ಲೊಂದು ಸುಳಿವೂ ಇದೆ: ಕೇಬಲ್ ಹಿಗ್ಗಿದರೆ ಫ್ರೀ ಪ್ಲೇ ಜಾಸ್ತಿ ಆಗುತ್ತೆ, ಪ್ಲೇಟ್ ಸವೆದರೆ ಕಡಿಮೆ ಆಗುತ್ತೆ.

ಎರಡನೇದು ಆಯಿಲ್. ಕಾರಿನ ಕೆಲವು ಆಯಿಲ್‌ಗಳಲ್ಲಿ ಘರ್ಷಣೆ ಇಳಿಸೋ ರಾಸಾಯನಿಕ ಇರುತ್ತೆ. ಇಂಜಿನ್ನಿಗೆ ಅದು ಒಳ್ಳೇದು, ವೆಟ್ ಕ್ಲಚ್‌ಗೆ ಅಲ್ಲ. ಡಬ್ಬದ ಮೇಲೆ ಜಾಸೊ ಎಂಎ ಅಥವಾ ಎಂಎ2 ಅಂತ ಇದೆಯಾ ನೋಡಿ. ಎಂಬಿ ಅಂತ ಇದ್ದರೆ ಅದು ಗೇರ್ ಬೈಕ್‌ನ ವೆಟ್ ಕ್ಲಚ್‌ಗೆ ಬೇಡ.

ಇವೆರಡೂ ಸರಿ ಇದ್ದೂ ಜಾರುತ್ತಿದ್ದರೆ ಸ್ಪ್ಯಾನರ್ ತಗೊಳ್ಳಿ.

ಬಿಚ್ಚೋದು

ಹೊಸ ಫ್ರಿಕ್ಷನ್ ಪ್ಲೇಟ್, ಸ್ಪ್ರಿಂಗ್, ಕವರ್ ಪ್ಯಾಕಿಂಗ್, ಆಯಿಲ್ ಮೊದಲೇ ತಂದಿಟ್ಟುಕೊಳ್ಳಿ. ಹೊಸ ಫ್ರಿಕ್ಷನ್ ಪ್ಲೇಟ್‌ಗಳನ್ನ ಹಿಂದಿನ ರಾತ್ರಿಯೇ ಅದೇ ಆಯಿಲ್‌ನಲ್ಲಿ ನೆನೆಸಿಡಿ. ಒಣ ಪ್ಲೇಟ್ ಹಾಕಿ ಸ್ಟಾರ್ಟ್ ಮಾಡಿದರೆ ಮೊದಲ ಕೆಲವು ನಿಮಿಷದಲ್ಲೇ ಸುಡಬಹುದು.

ಇಂಜಿನ್ ತಣ್ಣಗಿರಲಿ. ಗಾಡಿಯನ್ನ ಸೆಂಟರ್ ಸ್ಟ್ಯಾಂಡ್ ಹಾಕಿ, ಆಯಿಲ್ ಇಳಿಸಿ, ಕ್ಲಚ್ ಕೇಬಲ್ ಸಡಿಲ ಮಾಡಿ. ನಮ್ಮ ಹೆಚ್ಚಿನ ಗಾಡಿಗಳಲ್ಲಿ ಕ್ಲಚ್ ಬಲಗಡೆ ಕವರ್ ಒಳಗಿರುತ್ತೆ, ಅಡ್ಡ ಬರೋ ಕಿಕ್ಕರ್, ಫುಟ್‌ರೆಸ್ಟ್ ಬಿಚ್ಚಬೇಕಾಗುತ್ತೆ. ಕವರ್ ಬೋಲ್ಟ್‌ಗಳ ಉದ್ದ ಬೇರೆ ಬೇರೆ. ಒಂದು ರಟ್ಟಿನ ಮೇಲೆ ಕವರ್ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಕವರ್ ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಲ್ಯೂಮಿನಿಯಂ ಮೇಲೆ ಗೀರು ಬೀಳುತ್ತೆ, ಆಮೇಲೆ ಅಲ್ಲಿಂದ ಆಯಿಲ್ ಜಿನುಗುತ್ತೆ.

ಸ್ಪ್ರಿಂಗ್ ಬೋಲ್ಟ್‌ಗಳನ್ನ ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಕೆಲವು ಗಾಡಿಗಳಲ್ಲಿ ಇಷ್ಟಕ್ಕೇ ಪ್ಲೇಟ್‌ಗಳು ಹೊರಗೆ ಬರುತ್ತವೆ. ಕೆಲವದರಲ್ಲಿ ಮಧ್ಯದ ಲಾಕ್ ನಟ್ ಅಥವಾ ಸರ್ಕ್ಲಿಪ್ ಕೂಡ ತೆಗೀಬೇಕು. ಲಾಕ್ ನಟ್‌ಗೆ ಕ್ಲಚ್ ಹೋಲ್ಡರ್ ಬೇಕೇ ಬೇಕು. ಅದಿಲ್ಲದೆ ಗೇರ್ ಹಲ್ಲಿನ ನಡುವೆ ಏನಾದರೂ ಸಿಕ್ಕಿಸಿ ತಿರುಗಿಸೋ ಐಡಿಯಾ ಬೇಡ, ಹಲ್ಲು ಮುರಿಯುತ್ತೆ. ಒಂದೊಂದು ಪ್ಲೇಟ್ ತೆಗೆಯುವಾಗಲೂ ಫೋನಲ್ಲಿ ಫೋಟೋ ತೆಗೀರಿ. ಕ್ರಮ, ಮುಖ, ಎರಡೂ ಮುಖ್ಯ.

ಅಳತೆ

ಇಲ್ಲಿ ನಮ್ಮ ವರ್ನಿಯರ್ ಕೆಲಸಕ್ಕೆ ಬರುತ್ತೆ. ಹೊಸ ಫ್ರಿಕ್ಷನ್ ಪ್ಲೇಟ್ ಸಾಮಾನ್ಯವಾಗಿ 3 ಮಿ.ಮೀ. ಆಸುಪಾಸು ಇರುತ್ತೆ. ಹಳೇದನ್ನ ಮೂರ್ನಾಲ್ಕು ಕಡೆ ಅಳೆದು ಮ್ಯಾನ್ಯುಯಲ್‌ನ ಮಿತಿಗೆ ಹೋಲಿಸಿ. ಸ್ಪ್ರಿಂಗ್‌ನ ಉದ್ದವನ್ನೂ ಅಳೀರಿ, ಮಿತಿಗಿಂತ ಗಿಡ್ಡ ಆಗಿದ್ದರೆ ಸೆಟ್ ಪೂರ್ತಿ ಬದಲಿಸಿ. ಸ್ಟೀಲ್ ಪ್ಲೇಟನ್ನ ದಪ್ಪ ಗಾಜಿನ ಮೇಲಿಟ್ಟು ಅಂಚಿನಲ್ಲಿ ಫೀಲರ್ ಗೇಜ್ ತೂರಿಸಿ, ಸೊಟ್ಟಗಾಗಿದೆಯಾ ನೋಡಿ. ಸುಟ್ಟು ನೀಲಿ ಆಗಿದ್ದರೆ ಅದನ್ನೂ ಬದಲಿಸೋದು ಒಳ್ಳೇದು. ಬಾಸ್ಕೆಟ್‌ನ ಬೆರಳುಗಳಲ್ಲಿ ಕಚ್ಚು ಬಿದ್ದಿದ್ದರೆ ಹೊಸ ಪ್ಲೇಟೂ ಸಲೀಸಾಗಿ ಜರುಗಲ್ಲ.

ಜೋಡಿಸೋದು

ಬಿಚ್ಚಿದ್ದರ ಉಲ್ಟಾ ಕ್ರಮ. ಹಳೇ ಪ್ಯಾಕಿಂಗ್ ಚೂರು ಇಂಜಿನ್ ಒಳಗೆ ಬೀಳದ ಹಾಗೆ ಬಟ್ಟೆ ಅಡ್ಡ ಇಟ್ಟು ಕೆರೀರಿ, ಆಮೇಲೆ ಬಟ್ಟೆ ತೆಗೆಯೋದು ಮರೀಬೇಡಿ. ಡವೆಲ್ ಪಿನ್‌ಗಳು ಜಾಗದಲ್ಲಿವೆಯಾ ನೋಡಿ. ಸ್ಪ್ರಿಂಗ್ ಬೋಲ್ಟ್‌ಗಳು ಚಿಕ್ಕವು, ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೇ ನಿಲ್ಲಿಸಿ. ಜೋರು ತೋರಿಸಿದರೆ ಥ್ರೆಡ್ ಕಿತ್ತು ಬರುತ್ತೆ. ಆಯಿಲ್ ತುಂಬಿ, ಫ್ರೀ ಪ್ಲೇ ಹೊಸದಾಗಿ ಸೆಟ್ ಮಾಡಿ. ಇಂಜಿನ್ ಆಫ್ ಇರುವಾಗಲೇ ಫಸ್ಟ್ ಗೇರ್ ಹಾಕಿ, ಲಿವರ್ ಹಿಡಿದು ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ. ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಒಂದು ರೌಂಡ್. ಹಳೇ ಆಯಿಲ್ ಚರಂಡಿಗೆ ಸುರೀಬೇಡಿ, ಡಬ್ಬದಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಹೊಸ ಪ್ಲೇಟ್ ಎಷ್ಟು ದಿನ ಬಾಳುತ್ತೆ ಅನ್ನೋದು ಎಡಗೈ ಮೇಲಿದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಹಾಫ್ ಕ್ಲಚ್‌ನಲ್ಲೇ ತೆವಳೋದು, ಏರಿನಲ್ಲಿ ಬ್ರೇಕ್ ಬದಲು ಕ್ಲಚ್‌ನಲ್ಲೇ ಗಾಡಿ ನಿಲ್ಲಿಸೋದು, ಇವೆರಡೂ ಪ್ಲೇಟ್‌ಗಳನ್ನ ಉಜ್ಜಿ ಉಜ್ಜಿ ಬಿಸಿ ಮಾಡುತ್ತವೆ.

ಇಷ್ಟೆಲ್ಲಾ ನಮ್ಮ ಕೈಲಾಗಲ್ಲ ಅನ್ನೋರು ಗ್ಯಾರೇಜಿಗೇ ಹೋಗಿ, ಏನೂ ತಪ್ಪಿಲ್ಲ. ಆದರೆ "ಅಣ್ಣಾ, ಫ್ರೀ ಪ್ಲೇ ನೋಡಿದ್ರಾ? ಹಳೇ ಪ್ಲೇಟ್ ಎಷ್ಟು ದಪ್ಪ ಇದೆ, ಅಳೆದು ತೋರಿಸ್ತೀರಾ?" ಅಂತ ಒಂದು ಮಾತು ಕೇಳಿ.